ಉಕ್ಕಿನ ಕಟ್ಟಡಗಳ ಪರವಾನಗಿ ಮತ್ತು ಕಟ್ಟಡ ಸಂಹಿತೆಗಳು

ಉಕ್ಕಿನ ಕಂಬ ಮತ್ತು ತೊಲೆಗಳ ಚೌಕಟ್ಟಿನ ಮೇಲೆ ಲೋಹದ ತಗಡುಗಳನ್ನು ಹೊದಿಸಿ ನಿರ್ಮಿಸುವ ಗೋದಾಮು, ಕಾರ್ಖಾನೆ, ಸಭಾಂಗಣ ಮೊದಲಾದವು ಉಕ್ಕಿನ ಕಟ್ಟಡಗಳು. ಭಾರತದಲ್ಲಿ ಇವು ಎರಡು ಬಗೆಯ ನಿಯಮಗಳಿಗೆ ಒಳಪಟ್ಟಿವೆ. ಯಾವ ಜಾಗದಲ್ಲಿ ಯಾವ ಉದ್ದೇಶಕ್ಕೆ ಕಟ್ಟಬಹುದು ಎಂಬುದನ್ನು ಪರವಾನಗಿಯೂ, ಕಟ್ಟಡ ಎಷ್ಟು ಗಟ್ಟಿಯಾಗಿರಬೇಕು ಎಂಬುದನ್ನು ಸಂಹಿತೆಗಳೂ ನಿರ್ಧರಿಸುತ್ತವೆ. ಪರವಾನಗಿ ರಾಜ್ಯ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಸೇರಿದ್ದು, ಇಲ್ಲಿ ಕರ್ನಾಟಕದ ಪದ್ಧತಿಯನ್ನು ವಿವರಿಸಲಾಗಿದೆ.

ಶೆಡ್ ಮತ್ತು ಕಟ್ಟಡ

ಬೋಲ್ಟ್ ಬಿಚ್ಚಿ ಬೇರೆಡೆಗೆ ಸಾಗಿಸಬಹುದಾದ ಶೆಡ್ ತಾತ್ಕಾಲಿಕವಾದುದು, ಅದಕ್ಕೆ ಅನುಮತಿ ಬೇಡ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ವ್ಯಾಖ್ಯೆಯಂತೆ ಯಾವುದೇ ಉದ್ದೇಶಕ್ಕೆ, ಯಾವುದೇ ವಸ್ತುವಿನಿಂದ ನಿರ್ಮಿಸಿದ ರಚನೆಯೂ ಕಟ್ಟಡವೇ. ಸಮಾರಂಭಗಳಿಗಾಗಿ ತಾತ್ಕಾಲಿಕವಾಗಿ ಹಾಕುವ ಡೇರೆ, ಶಾಮಿಯಾನಗಳಿಗೆ ಮಾತ್ರ ವಿನಾಯಿತಿ ಇದೆ. ಈ ಸಂಹಿತೆಯು 1970ರಲ್ಲಿ ಮೊದಲು ಪ್ರಕಟವಾಗಿ 1983, 2005 ಮತ್ತು 2016ರಲ್ಲಿ ಪರಿಷ್ಕೃತಗೊಂಡಿದೆ. ಅದು ಮಾದರಿ ನಿಯಮಾವಳಿಯಾಗಿದ್ದು, ರಾಜ್ಯದ ಅಥವಾ ಸ್ಥಳೀಯ ಸಂಸ್ಥೆಯ ಉಪವಿಧಿಗಳಲ್ಲಿ ಅಳವಡಿಸಿಕೊಂಡಾಗಲೇ ಕಾನೂನಿನ ಬಲ ಪಡೆಯುತ್ತದೆ.

ಪರವಾನಗಿ

ಕೃಷಿ ಜಮೀನಿನಲ್ಲಿ ಗೋದಾಮು ಅಥವಾ ಕಾರ್ಖಾನೆ ಕಟ್ಟುವ ಮುನ್ನ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಇದು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ವಿಷಯ. ನಕ್ಷೆ ಮಂಜೂರಾತಿಯನ್ನು ನಗರಗಳಲ್ಲಿ ಪಾಲಿಕೆ ಅಥವಾ ಪುರಸಭೆಯೂ, ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯಿತಿಯೂ ನೀಡುತ್ತವೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಬಡಾವಣೆಗಳಲ್ಲಿ ಮಂಡಳಿಯೇ ನಕ್ಷೆಯನ್ನು ಪರಿಶೀಲಿಸುತ್ತದೆ. ಕಾರ್ಖಾನೆಯ ನಕ್ಷೆಗೆ ಕಾರ್ಖಾನೆಗಳ ಇಲಾಖೆಯ ಅನುಮೋದನೆಯನ್ನು ಪ್ರತ್ಯೇಕವಾಗಿ ಪಡೆಯುವ ಪದ್ಧತಿ 1948ರ ಕಾರ್ಖಾನೆ ಅಧಿನಿಯಮದಿಂದ ಬಂದುದು. ಉದ್ಯಮದ ಸ್ವರೂಪಕ್ಕೆ ಅನುಗುಣವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿಯೂ, ವಿಮಾನ ನಿಲ್ದಾಣದ ಸಮೀಪದಲ್ಲಿ ಎತ್ತರಕ್ಕೆ ವಿಮಾನ ನಿಲ್ದಾಣಗಳ ಪ್ರಾಧಿಕಾರದ ನಿರಾಕ್ಷೇಪಣೆಯೂ ಬೇಕಾಗುತ್ತದೆ.

ವಿನ್ಯಾಸ ಸಂಹಿತೆಗಳು

ಉಕ್ಕಿನ ರಚನೆಗಳ ಮೂಲ ಸಂಹಿತೆ ಭಾರತೀಯ ಮಾನಕ ಬ್ಯೂರೋದ ಐಎಸ್ 800. ಇದು 1956ರಲ್ಲಿ ಮೊದಲು ಹೊರಬಂದು 2007ರಲ್ಲಿ ಮೂರನೆಯ ಬಾರಿ ಪರಿಷ್ಕೃತವಾಯಿತು. ಹೊರೆಗಳ ಲೆಕ್ಕಕ್ಕೆ ಐಎಸ್ 875, ಭೂಕಂಪಕ್ಕೆ ಐಎಸ್ 1893, ಉಕ್ಕಿನ ಗುಣಮಟ್ಟಕ್ಕೆ ಐಎಸ್ 2062 ಅನ್ವಯಿಸುತ್ತವೆ.

ತಗಡಿನ ಕಟ್ಟಡಕ್ಕೆ ದೊಡ್ಡ ಶತ್ರು ಭಾರವಲ್ಲ, ಗಾಳಿ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 4ರಿಂದ 5 ಕಿಲೋಗ್ರಾಂ ಮಾತ್ರ ತೂಗುತ್ತದೆ. ಐಎಸ್ 875ರ ಮೂರನೆಯ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್, ಚೆನ್ನೈಗೆ 50 ಮೀಟರ್ ಮೂಲ ಗಾಳಿವೇಗವನ್ನು ನಿಗದಿಪಡಿಸಿದೆ. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಇತರ ಗುಣಾಂಕಗಳನ್ನು ಬದಿಗಿಟ್ಟರೆ ಬೆಂಗಳೂರಿನಲ್ಲಿ ಚದರ ಮೀಟರಿಗೆ ಸುಮಾರು 650 ನ್ಯೂಟನ್ ಇರುವ ಒತ್ತಡ ಚೆನ್ನೈಯಲ್ಲಿ 1,500 ನ್ಯೂಟನ್ ಆಗುತ್ತದೆ. ಒಂದು ಊರಿಗೆ ರಚಿಸಿದ ನಕ್ಷೆಯನ್ನು ಇನ್ನೊಂದು ಊರಿನಲ್ಲಿ ಹಾಗೆಯೇ ಬಳಸುವುದು ಅಪಾಯಕರವಾಗುವುದು ಇದರಿಂದಲೇ.

ಗಾಳಿ ಛಾವಣಿಯನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಒಂದು ಪಕ್ಕ ತೆರೆದಿರುವ ಶೆಡ್ಡಿನಲ್ಲಿ ಒಳನುಗ್ಗಿದ ಗಾಳಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಆದಕಾರಣ ಕಟ್ಟಡದ ಸ್ವಂತ ಭಾರವನ್ನು 0.9ಕ್ಕೆ ಇಳಿಸಿ, ಗಾಳಿಯನ್ನು 1.5 ಪಟ್ಟು ಹೆಚ್ಚಿಸಿ ನೋಡುವ ಪರೀಕ್ಷೆಯನ್ನು ಐಎಸ್ 800 ವಿಧಿಸುತ್ತದೆ. ಇಲ್ಲಿ ಅಡಿಪಾಯದ ಕೆಲಸ ಕಂಬವನ್ನು ಹೊರುವುದಷ್ಟೇ ಅಲ್ಲ, ಅದನ್ನು ನೆಲಕ್ಕೆ ಹಿಡಿದಿಡುವುದೂ ಹೌದು. ಕಾರ್ಖಾನೆಯಲ್ಲಿ ಸಿದ್ಧಪಡಿಸಿ ತಂದು ಜೋಡಿಸುವ ಕಟ್ಟಡಗಳಲ್ಲಿ ತಯಾರಕರ ಹೊಣೆ ಸಾಮಾನ್ಯವಾಗಿ ಕಂಬದ ಬುಡದ ಫಲಕಕ್ಕೆ ಮುಗಿಯುತ್ತದೆ. ಅಡಿಪಾಯ ಬೇರೊಬ್ಬ ಎಂಜಿನಿಯರರದು. ಇಬ್ಬರ ಲೆಕ್ಕಗಳು ಹೊಂದಿಕೆಯಾಗಿವೆಯೇ ಎಂದು ನೋಡುವುದು ನಕ್ಷೆ ಪರಿಶೀಲನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಶವೆನ್ನಬಹುದು.

ಅಗ್ನಿ ಸುರಕ್ಷತೆ

ಉಕ್ಕು ಉರಿಯುವುದಿಲ್ಲ, ಆದರೆ ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಬಲ ಅರ್ಧದಷ್ಟು ಕುಗ್ಗುತ್ತದೆ. ಸಾಮಾನು ತುಂಬಿದ ಗೋದಾಮಿಗೆ ಬೆಂಕಿ ಬಿದ್ದರೆ ಈ ಉಷ್ಣತೆ ಬೇಗನೆ ಬರುತ್ತದೆ. ಚೌಕಟ್ಟಿಗೆ ಬಳಿಯುವ ಅಗ್ನಿನಿರೋಧಕ ಲೇಪನ, ಹೊರಹೋಗುವ ದಾರಿಗಳ ಸಂಖ್ಯೆ ಮತ್ತು ಅಗಲ ಮುಂತಾದವುಗಳನ್ನು ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಹೇಳುತ್ತದೆ. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನಲ್ಲಿ ಉಕ್ಕು ಮತ್ತು ತಗಡಿನಿಂದ ಕಟ್ಟಿದ್ದ ಆಟದ ಕೇಂದ್ರವೊಂದು ಉರಿದು, ಮಕ್ಕಳೂ ಸೇರಿದಂತೆ 27 ಜನ ಮೃತಪಟ್ಟರು. ಆ ಕೇಂದ್ರಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಲಿಲ್ಲ.

ಸ್ವಾಧೀನಾನುಭವ ಪ್ರಮಾಣಪತ್ರ

ಕಟ್ಟಡ ಮಂಜೂರಾದ ನಕ್ಷೆಯಂತೆಯೇ ಪೂರ್ಣಗೊಂಡಿದೆ ಎಂದು ಪರಿಶೀಲಿಸಿ ಸ್ಥಳೀಯ ಸಂಸ್ಥೆ ಈ ಪತ್ರವನ್ನು ಕೊಡುತ್ತದೆ. ಜನಬಳಕೆಯಲ್ಲಿ ಇದು ಓ.ಸಿ. ಎಂದೇ ಪರಿಚಿತ. ಹಿಂದೆ ಇದನ್ನು ಪಡೆಯದೆಯೇ ಎಷ್ಟೋ ಶೆಡ್ಡುಗಳು ಬಳಕೆಗೆ ಬಂದದ್ದುಂಟು. ಈ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ನಿರ್ದೇಶಿಸಿತು.