ಮಂಗೋಲಿಯಾ ದೇಶದ ಕುದುರೆಗಳೂ ಅವುಗಳ ಪಂದ್ಯವೂ

ಮಂಗೋಲಿಯಾ ದೇಶದಲ್ಲಿ ಪ್ರತಿವರ್ಷವೂ ಜುಲೈ ತಿಂಗಳಿನಲ್ಲಿ ನಡೆಯುವ ನಾದಮ್ ಎಂಬ ಉತ್ಸವದಲ್ಲಿ ಕುಸ್ತಿ, ಬಿಲ್ಗಾರಿಕೆ, ಕುದುರೆಯ ಪಂದ್ಯ ಈ ಮೂರೂ ಪ್ರಧಾನವಾದುವು. ಇವುಗಳಲ್ಲಿ ಕುದುರೆಯ ಪಂದ್ಯವು ಪಶುಗಳನ್ನು ಸಾಕುವವರೆಲ್ಲರೂ ತಿಳಿಯತಕ್ಕ ವಿಷಯವಾಗಿರುತ್ತದೆ. ಏಕೆಂದರೆ ಅಲ್ಲಿ ಪರೀಕ್ಷೆಗೊಳಗಾಗುವುದು ಸವಾರನ ಚಾತುರ್ಯಕ್ಕಿಂತ ಹೆಚ್ಚಾಗಿ ಸಾಕಿದವನ ವಿವೇಕವೇ.

ಆ ದೇಶದ ಕುದುರೆಯು ಗಿಡ್ಡ ಜಾತಿಯದು. ತಲೆ ದಪ್ಪ, ಕಾಲು ಮೋಟು. ನೋಟಕ್ಕೆ ಅಂದವಾದುದೆಂದು ಹೇಳಲಾಗದು. ಆದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ೩೦–೪೦ ಡಿಗ್ರಿಗಳಷ್ಟು ಕೆಳಗಿಳಿಯುವ ಚಳಿಯಲ್ಲಿಯೂ ಲಾಯವಿಲ್ಲದೆ ಬಯಲಿನಲ್ಲಿಯೇ ಇದ್ದು, ಗೊರಸಿನಿಂದ ಹಿಮವನ್ನು ಕೆದರಿ, ಅಡಿಯಲ್ಲಿರುವ ಒಣಹುಲ್ಲನ್ನು ಮೇದು ಜೀವಿಸುತ್ತದೆ. ಬೇಸಗೆಯಲ್ಲಿ ಹೆಣ್ಣು ಕುದುರೆಗಳನ್ನು ಹಗಲೆಲ್ಲಾ ಸುಮಾರು ಎರಡು ಗಂಟೆಗೊಮ್ಮೆ ಕರೆದು, ಆ ಹಾಲನ್ನು ಚರ್ಮದ ಚೀಲದಲ್ಲಿ ಕಡೆದು ಹುಳಿಯಿಸಿ, ಐರಗ್ ಎಂಬ ಪಾನೀಯವನ್ನು ಮಾಡುತ್ತಾರೆ.

ಪಂದ್ಯಗಳು ಕುದುರೆಯ ವಯಸ್ಸಿಗನುಸಾರವಾಗಿ ನಡೆಯುತ್ತವೆ. ಎರಡು ವರ್ಷದ ಮರಿಗಳಿಗೆ ಸುಮಾರು ೬ ಮೈಲಿ. ಪೂರ್ಣ ಬೆಳೆದುವಕ್ಕೆ ೧೫ ಮೈಲಿಗೂ ಮೇಲ್ಪಟ್ಟ ದೂರ. ಓಟವು ದುಂಡು ಕಣದಲ್ಲಲ್ಲ, ತೆರೆದ ಬಯಲಿನಲ್ಲಿ. ಪಳಗಿಸುವವನಿಗೆ ಉಯಾಚ್ ಎಂದು ಹೆಸರು. ಕಟ್ಟುವವನು ಎಂದು ಅದರ ಅರ್ಥ. ಪಂದ್ಯಕ್ಕೆ ಕೆಲವು ವಾರಗಳ ಮುಂಚಿನಿಂದ ಆತನು ಕುದುರೆಯನ್ನು ಹಗ್ಗಕ್ಕೆ ಕಟ್ಟಿ, ಮೇವನ್ನೂ ನೀರನ್ನೂ ಹೊತ್ತಿಗೆ ತಕ್ಕಂತೆ ಮಿತಗೊಳಿಸುತ್ತಾನೆ. ಆಗಾಗ್ಗೆ ಓಡಿಸಿ, ಬಂದ ಬೆವರನ್ನು ಮರದ ಹಲಗೆಯಿಂದ ಹೆರೆದು ತೆಗೆಯುತ್ತಾನೆ. ಬೆವರು, ಉಸಿರು, ಲದ್ದಿ ಇವುಗಳೇ ಆತನಿಗೆ ಲೆಕ್ಕದ ಪುಸ್ತಕ. ಮಿತಿಮೀರಿ ಕಟ್ಟಿದರೆ ಪಶುವು ಬಡವಾಗುತ್ತದೆ. ಸಾಲದೆ ಹೋದರೆ ಹೊಟ್ಟೆಯ ಭಾರದಿಂದ ನಡುದಾರಿಯಲ್ಲಿಯೇ ಸೋಲುತ್ತದೆ.

ಭಾರವು ಕಡಮೆಯಾಗಲೆಂದು ಸವಾರರಾಗಿ ಮಕ್ಕಳನ್ನೇ ಹತ್ತಿಸುವುದು ವಾಡಿಕೆ. ಬಿದ್ದು ಗಾಯಗೊಂಡ, ಪ್ರಾಣವನ್ನೇ ಕಳೆದುಕೊಂಡ ಮಕ್ಕಳೂ ಉಂಟು. ಈ ಕಾರಣದಿಂದ ಸವಾರರ ಕನಿಷ್ಠ ವಯಸ್ಸನ್ನೂ ಶಿರಸ್ತ್ರಾಣವನ್ನೂ ಕುರಿತು ನಿಯಮಗಳಾಗಿವೆ. ಕುದುರೆಯ ವಿಷಯದಲ್ಲಿ ಇಷ್ಟೊಂದು ಸೂಕ್ಷ್ಮವಾಗಿ ನಡೆಯುವ ಜನರು ಹುಡುಗರ ವಿಷಯದಲ್ಲಿಯೂ ಹಾಗೆಯೇ ನಡೆಯಬೇಕೆಂಬ ವಾದವು ನ್ಯಾಯವಾದುದೇ ಸರಿ.

ಮೊದಲು ಬಂದ ಐದು ಕುದುರೆಗಳಿಗೆ ಐರಗ್ಗಿನ ಐದು ಎಂಬ ಬಿರುದುಂಟು. ಇದಕ್ಕಿಂತಲೂ ಗಮನಾರ್ಹವಾದುದು, ಎರಡು ವರ್ಷದವುಗಳಲ್ಲಿ ಕಟ್ಟಕಡೆಗೆ ಬಂದ ಮರಿಗೂ ಮರ್ಯಾದೆಯುಂಟೆಂಬುದು. ತುಂಬಿದ ಹೊಟ್ಟೆಯದೆಂದು ಅದನ್ನು ಕರೆದು, ಬರುವ ವರ್ಷ ಮುಂದೆ ಬರಲೆಂದು ಹಾಡಿ ಹರಸುತ್ತಾರೆ.

ಬರುವ ವರ್ಷಕ್ಕೆ ಮುನ್ನ ಚಳಿಗಾಲವಿದೆ. ಬೇಸಗೆಯಲ್ಲಿ ಮಳೆ ತಪ್ಪಿ, ಹಿಂದೆಯೇ ಹಿಮವು ಗಟ್ಟಿಯಾಗಿ ಮುಚ್ಚಿ ಮೇವು ಸಿಕ್ಕದಂತಾಗುವ ಪೀಡೆಗೆ ಅಲ್ಲಿ ಜುದ್ ಎನ್ನುತ್ತಾರೆ. ೨೦೦೯–೧೦ರ ಜುದ್‌ನಲ್ಲಿ ಕುರಿ, ಮೇಕೆ, ದನ, ಕುದುರೆಗಳೆಲ್ಲಾ ಸೇರಿ ೮೦ ಲಕ್ಷಕ್ಕೂ ಹೆಚ್ಚು ಪಶುಗಳು ಸತ್ತುವು. ಶರತ್ಕಾಲದಲ್ಲಿ ಮೈಯಲ್ಲಿ ಕೂಡಿದ ಕೊಬ್ಬೇ ಇಂಥ ಚಳಿಯಲ್ಲಿ ಪಶುವಿಗೆ ಆಧಾರ. ಆದುದರಿಂದಲೇ ಪಂದ್ಯದ ಕಾಲವು ಮುಗಿದ ಮೇಲೆ ಹಗ್ಗವನ್ನು ಬಿಚ್ಚಿ, ಗೆದ್ದುದನ್ನೂ ಸೋತುದನ್ನೂ ಒಂದೇ ಹಿಂಡಿನಲ್ಲಿ ಯಥೇಚ್ಛವಾಗಿ ಮೇಯಲು ಬಿಟ್ಟುಬಿಡುತ್ತಾರೆ.