ಬಣ್ಣದ ಮನೆಯ ಗೆಳೆಯ

ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯಂದು ತೇರು ಎಳೆದ ಮೇಲೂ ಜಾತ್ರೆ ಮುಗಿಯುವುದಿಲ್ಲ. ಹಲವು ವಾರಗಳವರೆಗೆ ನಾಟಕ ಕಂಪನಿಗಳು ಅಲ್ಲಿ ಬೀಡುಬಿಟ್ಟಿರುತ್ತವೆ. ಒಂದರ ಪಕ್ಕದಲ್ಲೊಂದು ತಗಡಿನ ಥಿಯೇಟರು, ರಾತ್ರಿಯೆಲ್ಲ ಆಟ. ವೃತ್ತಿ ರಂಗಭೂಮಿ ಎಂದೋ ಸತ್ತಿತೆಂದು ಬರೆಯುವ ಪಂಡಿತರು ಒಮ್ಮೆ ಇಲ್ಲಿ ಟಿಕೇಟಿನ ಸಾಲಿನಲ್ಲಿ ನಿಂತು ನೋಡಬೇಕು.

ಮಠದ ಪ್ರಸಾದ ನಿಲಯದಲ್ಲಿ ನಮ್ಮೊಡನೆ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಗೆಳೆಯನೊಬ್ಬ ಇಂಥದೊಂದು ಕಂಪನಿಯಲ್ಲಿ ಖಳನಾಯಕ. ಈ ಸಲ ಜಾತ್ರೆಗೆ ಹೋದಾಗ ಹನ್ನೆರಡು ವರ್ಷಗಳ ತರುವಾಯ ಅವನನ್ನು ಕಂಡೆವು. ಹಣೆಯ ಮೇಲೆ ವಿಭೂತಿ ಧರಿಸಿ, ಬನಿಯನ್ನಿನಲ್ಲಿ ಕುಳಿತು, ರಾತ್ರಿ ಹಚ್ಚಬೇಕಾದ ಮೀಸೆಯನ್ನು ಬಾಚುತ್ತಿದ್ದ. "ಯಾವಾಗ ಬಂದ್ಯೋ ಮಾರಾಯಾ?" ಎಂದವನ ದನಿ ಒಡೆದಿತ್ತು. ದಿನಕ್ಕೆ ಮೂರು ಆಟ, ಮೂರರಲ್ಲಿಯೂ ಅಬ್ಬರಿಸಬೇಕು. ಬಿಸಿನೀರು, ಜೀರಿಗೆ ಇವೇ ಔಷಧಿ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಆಟಗಳು ನಿಂತಾಗ ಈರುಳ್ಳಿ ಹೊಲದಲ್ಲಿ ಕೂಲಿ ಮಾಡಿದನಂತೆ. ಅದನ್ನು ನಗುತ್ತಲೇ ಹೇಳಿದ. ಮಗಳ ವಿಷಯ ಬಂದಾಗ ಮಾತ್ರ ಮೀಸೆಯನ್ನು ಕೆಳಗಿಟ್ಟ.

ಹುಡುಗಿ ನರ್ಸಿಂಗ್ ಓದಿ ಕೆಲಸದಲ್ಲಿದ್ದಾಳೆ. "ಹೋದ ವರ್ಷ ಎರಡು ಕಡೆಯವರು ಬಂದು ಅವಲಕ್ಕಿ ತಿಂದು ಹೋದ್ರು. ನಾ ಕಂಪನ್ಯಾಗ ಅದೀನಿ ಅಂದಮ್ಯಾಲೆ ಮತ್ತ ಸುದ್ದಿನ ಇಲ್ಲ ನೋಡು."

ನಮಗೆ ಸಿಟ್ಟು ಬಂದಿತೆಂದರೆ ತಪ್ಪಲ್ಲ. ನಾಟಕವು ನಮ್ಮ ಸಮಾಜಕ್ಕೆ ಹೊರಗಿನದೇ? 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಹೊತ್ತದ್ದು ಚನ್ನಬಸವೇಶ್ವರನ ಹೆಸರನ್ನು. 1914ರಲ್ಲಿ ಜನಿಸಿ ನೂರು ದಾಟಿ ಬಾಳಿ, 2017ರಲ್ಲಿ ಲಿಂಗೈಕ್ಯರಾದ ಏಣಗಿ ಬಾಳಪ್ಪನವರು ಬಸವಣ್ಣನಾಗಿ ರಂಗಕ್ಕೆ ಬಂದರೆ ಭಕ್ತರು ಕೈಮುಗಿಯುತ್ತಿದ್ದರು. ಅದೇ ಬಾಳಪ್ಪನವರು ಹರೆಯದಲ್ಲಿ ಸ್ತ್ರೀ ಪಾತ್ರಗಳಿಗೆ ಹೆಸರಾಗಿದ್ದರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ನಾವು ಹೇಳುವುದೇನು, ಬೀಗರ ಮನೆಯ ಪಡಸಾಲೆಯಲ್ಲಿ ಕೇಳುವುದೇನು!

ಬರುವ ಸೋಮವಾರ ಮತ್ತೊಬ್ಬರು ಕನ್ಯೆ ನೋಡಲು ಬರುವವರಿದ್ದರು. ಹುಡುಗಿಯ ತಂದೆ "ವ್ಯಾಪಾರದಲ್ಲಿದ್ದಾರೆ" ಎಂದು ಹೇಳಿದರಾಯಿತೆಂದು ಅವನ ಹೆಂಡತಿಯ ಅಣ್ಣ ಸೂಚಿಸಿದ್ದನಂತೆ. ಮಗಳು ಒಪ್ಪಲಿಲ್ಲ. "ನಮ್ಮಪ್ಪ ನಟ ಅಂತ ನಾನ ಹೇಳ್ತೀನಿ, ನೀವ್ಯಾರೂ ಬಾಯಿ ತೆಗೀಬ್ಯಾಡ್ರಿ" ಎಂದು ಫೋನಿನಲ್ಲಿ ಅಂದಳಂತೆ. ಇದನ್ನು ಹೇಳುವಾಗ ಖಳನಾಯಕನ ಕಣ್ಣು ತೇವವಾಗಿದ್ದವು. ಜಾತ್ರೆಯ ಗಳಿಕೆಯ ದಿನಗಳಲ್ಲಿ ರಜೆ ಸಿಗುವುದು ಕಷ್ಟ. ಆದರೂ ಮಾಲೀಕರು ಒಂದು ದಿನದ ಮಟ್ಟಿಗೆ ಒಪ್ಪಿದ್ದಾರೆ. ಅಂದು ಅವನ ಪಾತ್ರವನ್ನು ಪ್ರಾಂಪ್ಟರ್ ಮಾಡುತ್ತಾನೆ. ಮಾತುಗಳೆಲ್ಲ ಅವನಿಗೆ ಬಾಯಿಪಾಠ, ಕೋಟು ಮಾತ್ರ ಸ್ವಲ್ಪ ಸಡಿಲ.