ಒಂಬತ್ತನೆಯ ಇಯತ್ತೆಗೆ ಮನೆಪಾಠದ ಮಾಸ್ತರರು

ಮಕ್ಕಳು ಒಂಬತ್ತನೆಯ ಇಯತ್ತೆಗೆ ಬಂದೊಡನೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಟ್ಯೂಷನ್ನಿನ ಚಿಂತೆ ಮೊದಲಾಗುವುದು. ಹೋಟೆಲಿನ ಪಾಳಿ ಮುಗಿಸಿ ನಡುರಾತ್ರಿ ಮನೆ ಸೇರುವ ತಂದೆಗೂ, ಲೋಕಲ್ ಗಾಡಿಯಲ್ಲಿ ನಜ್ಜುಗುಜ್ಜಾಗಿ ಬರುವ ಗುಮಾಸ್ತನಿಗೂ ಪಾಠ ಹೇಳಿಕೊಡುವ ವ್ಯವಧಾನವೆಲ್ಲಿಯದು? ಹತ್ತಿರದ ಕ್ಲಾಸಿಗೆ ವರ್ಷದ ಹಣವನ್ನು ಒಮ್ಮೆಗೇ ಕಟ್ಟಿ ಹಗುರಾಗುತ್ತಾರೆ. ಇದು ಸಲ್ಲದೆಂದು ನಮ್ಮ ಅಭಿಪ್ರಾಯ.

ತೊಡಕು ಎಲ್ಲಿದೆಯೆಂದು ಮೊದಲು ಅರಿಯಬೇಕು. ಮಹಾರಾಷ್ಟ್ರ ಮಂಡಳಿಯ ಒಂಬತ್ತನೆಯ ಗಣಿತಕ್ಕೆ ಬೀಜಗಣಿತ, ರೇಖಾಗಣಿತವೆಂದು 2 ಪುಸ್ತಕಗಳು. ಸಮೀಕರಣದಲ್ಲಿ ತಪ್ಪುವ ಹುಡುಗ ನಿಜವಾಗಿ ಎಡವಿರುವುದು ಹಿಂದಿನ ಇಯತ್ತೆಗಳ ಭಿನ್ನರಾಶಿಯಲ್ಲಾಗಿರಬಹುದು. ಅವನಿಗೆ ತುಂಬಿದ ಕ್ಲಾಸಿನಲ್ಲಿ ಸಮೀಕರಣವನ್ನೇ ಮತ್ತೆ ಉರು ಹೊಡೆಸಿದರೆ ಫಲವೇನು? ಉತ್ತರಪತ್ರಿಕೆಗಳನ್ನು ಶಾಲೆಯ ಗಣಿತದ ಅಧ್ಯಾಪಕರಿಗೆ ತೋರಿಸಿ ಕೇಳಿದರೆ ಅವರೇ ಹೇಳಿಯಾರು, ಅದಕ್ಕೆ ಶುಲ್ಕವಿಲ್ಲ.

ಬಳಿಕ ಮಾಸ್ತರರ ಶೋಧ. ಪದವಿಗಳ ಫಲಕಕ್ಕೆ ಮರುಳಾಗಬೇಕಾಗಿಲ್ಲ. ನೆರೆಯ ಚಾಳಿನಲ್ಲಿ ಬಿ.ಎಸ್ಸಿ. ಓದುವ ಹುಡುಗಿ ವಾರಕ್ಕೆ ಮೂರು ಸಂಜೆ ಬಂದರೂ ಸಾಕಾದೀತು. ಮೊದಲ ವಾರ ಪರೀಕ್ಷಾರ್ಥವೆಂದು ಮಾತನಾಡಿಕೊಳ್ಳಿರಿ. ಕಲಿಸುವವರು ತಾವೇ ಲೆಕ್ಕ ಬಿಡಿಸಿ ತೋರಿಸುತ್ತಾರೆಯೋ, ಹುಡುಗನ ಕೈಯಿಂದ ಬಿಡಿಸುತ್ತಾರೆಯೋ ಎಂಬುದು, ಬಾಗಿಲ ಬಳಿ ಕುಳಿತು ನೋಡಿದರೆ, ಇಂಗ್ಲಿಷ್ ಬಾರದ ತಾಯಿಗೂ ತಿಳಿಯುವುದು.

ದೊಡ್ಡ ಕ್ಲಾಸುಗಳ ವಿಚಾರದಲ್ಲಿ ಒಂದು ಮಾತು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯ ಪ್ರಕಾರ, 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳು 16 ವರ್ಷಕ್ಕಿಂತ ಕಿರಿಯರನ್ನು ಸೇರಿಸಿಕೊಳ್ಳಬಾರದು; ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಮರಳಿಸಬೇಕು. ಒಂಬತ್ತನೆಯ ಮಗುವಿಗೆ ಹದಿನಾಲ್ಕೋ ಹದಿನೈದೋ! ಎಲ್ಲಿ ಸೇರಿಸಿದರೂ ತಿಂಗಳು ತಿಂಗಳಿಗೆ ಕೊಡಿರಿ, ರಸೀದಿ ಕೇಳಿರಿ.